ಹೋವರ್ಡ್ ಗೆದ್ದ ಕಪ್, ಕಿತ್ತುಕೊಂಡ ರೂಲು, ಮತ್ತೆ ಎದ್ದ ಹಳೇ ಜಗಳ

2025ರ ಡಿಸೆಂಬರ್‌ನಲ್ಲಿ ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್‌ನಲ್ಲಿ ದೊಡ್ಡ ಗಲಾಟೆ ಎದ್ದಿತು. ಟೆಕ್ಸಾಸ್‌ನ ಬೇಲರ್ ವಿಶ್ವವಿದ್ಯಾಲಯ ಸೀಸನ್ ಮಧ್ಯದಲ್ಲೇ ಜೇಮ್ಸ್ ನಾಜಿ ಎಂಬ ನೈಜೀರಿಯಾದ ಆಟಗಾರನನ್ನು ತಂಡಕ್ಕೆ ಸೇರಿಸಿಕೊಂಡಿತು. ಈತ ಸ್ಪೇನಿನಲ್ಲಿ ಬಾರ್ಸಿಲೋನಾ ಕ್ಲಬ್ಬಿನ ಬಾಸ್ಕೆಟ್‌ಬಾಲ್ ತಂಡಕ್ಕೆ ಸಂಬಳ ಪಡೆದು ಆಡಿದವನು. 2023ರ ಎನ್‌ಬಿಎ ಡ್ರಾಫ್ಟ್‌ನಲ್ಲಿ, ಅಂದರೆ ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಪಟ್ಟಿಯಲ್ಲಿ, ಆಯ್ಕೆಯೂ ಆಗಿದ್ದವನು. ಅಂಥವನನ್ನು ‘ವಿದ್ಯಾರ್ಥಿ’ ಅಂತ ಕರೆದು ಕಾಲೇಜು ತಂಡದಲ್ಲಿ ಆಡಿಸುವುದು ಹೇಗೆ ಅಂತ ಎದುರಾಳಿ ಕೋಚ್‌ಗಳು ಸಿಟ್ಟಾದರು. ಕಾಲೇಜು ಕ್ರೀಡೆಯನ್ನು ನಡೆಸುವ ಎನ್‌ಸಿಎಎ ಮಾತ್ರ ‘ಆಡಲಿ’ ಅಂತ ಒಪ್ಪಿಗೆ ಕೊಟ್ಟಿತು.

ಐವತ್ತು ವರ್ಷಗಳ ಹಿಂದೆ ಇದೇ ಎನ್‌ಸಿಎಎ ಹೀಗಿರಲಿಲ್ಲ. ವಾಷಿಂಗ್ಟನ್ ಡಿ.ಸಿ.ಯ ಹೋವರ್ಡ್ ವಿಶ್ವವಿದ್ಯಾಲಯದ ಪುರುಷರ ಫುಟ್‌ಬಾಲ್ (ಅಮೆರಿಕದವರು ಸಾಕರ್ ಅನ್ನುವ ಆಟ) ತಂಡ 1971ರಲ್ಲಿ ಗೆದ್ದಿದ್ದ ರಾಷ್ಟ್ರೀಯ ಕಪ್ಪನ್ನು ಅದು ವಾಪಸ್ ಕಿತ್ತುಕೊಂಡಿತು. ಆಟಗಾರರು ಸಂಬಳ ತಗೊಂಡಿದ್ದರು ಅಂತ ಅಲ್ಲ. ಅವರು ತಮ್ಮ ದೇಶದಲ್ಲಿ, ಹತ್ತೊಂಬತ್ತು ತುಂಬಿದ ಮೇಲೆ, ಊರಿನ ಕ್ಲಬ್ಬುಗಳಿಗೆ ಆಡಿದ್ದರು ಅನ್ನೋದು ಮುಖ್ಯ ಆರೋಪಗಳಲ್ಲಿ ಒಂದು.

ಈ ಎರಡು ಘಟನೆಗಳ ನಡುವೆ ಏನಾಯಿತು ಅಂತ ನೋಡಿದರೆ, ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ಈಗ ನಡೆಯುತ್ತಿರುವ ಜಗಳ ಅರ್ಥವಾಗುತ್ತದೆ. ಹೊರದೇಶದ ಹುಡುಗನಿಗೆ ಇದ್ದ ತಡೆ ಹೋಗಿಲ್ಲ, ಜಾಗ ಬದಲಿಸಿದೆ ಅಷ್ಟೇ. ಮೊದಲು ಅದು ಎನ್‌ಸಿಎಎ ರೂಲ್‌ಬುಕ್ಕಿನಲ್ಲಿತ್ತು. ಈಗ ಕಾನ್ಸುಲೇಟ್ ಕೌಂಟರಿನಲ್ಲಿದೆ, ಬ್ಯಾಂಕ್ ಖಾತೆಯಲ್ಲಿದೆ.

ಮೊದಲು ಹೋವರ್ಡ್ ಬಗ್ಗೆ ಒಂದೆರಡು ಮಾತು. ಇದು ಹಾರ್ವರ್ಡ್ ಅಲ್ಲ. ಅಮೆರಿಕದ ಅಂತರ್ಯುದ್ಧ ಮುಗಿದು ಎರಡು ವರ್ಷಕ್ಕೆ, 1867ರಲ್ಲಿ ಶುರುವಾದ ಇದು ಕಪ್ಪು ವರ್ಣೀಯರ ಅತ್ಯಂತ ಹೆಸರುವಾಸಿ ವಿಶ್ವವಿದ್ಯಾಲಯ. ನೈಜೀರಿಯಾದ ಮೊದಲ ಅಧ್ಯಕ್ಷ ನಾಮ್ಡಿ ಅಜಿಕಿವೆ ಇಲ್ಲಿ ಸ್ವಲ್ಪ ಕಾಲ ಓದಿದ್ದರು. ಟ್ರಿನಿಡಾಡ್‌ನ ಮೊದಲ ಪ್ರಧಾನಿ ಎರಿಕ್ ವಿಲಿಯಮ್ಸ್ ಇಲ್ಲಿ ಪಾಠ ಮಾಡಿದ್ದರು. ಇಲ್ಲಿ ಡೀನ್ ಆಗಿದ್ದ ಹೋವರ್ಡ್ ಥರ್ಮನ್ 1936ರಲ್ಲಿ ಭಾರತಕ್ಕೆ ಬಂದು ಬಾರ್ಡೋಲಿಯಲ್ಲಿ ಗಾಂಧೀಜಿಯನ್ನು ಕಂಡು ಮಾತಾಡಿದ್ದರು. ಅಂದರೆ ಕೆರಿಬಿಯನ್, ಆಫ್ರಿಕಾ ಕಡೆಯ ಹುಡುಗರು ಹೋವರ್ಡ್‌ಗೆ ಬರುವುದು ಫುಟ್‌ಬಾಲ್‌ನಿಂದ ಶುರುವಾದ ಅಭ್ಯಾಸ ಅಲ್ಲ. ಅಪ್ಪಂದಿರ ಕಾಲದಿಂದ ಇದ್ದ ದಾರಿ ಅದು. ಅವರು ಓದಲು ಬಂದರು, ಬರುವಾಗ ಆಟವನ್ನೂ ಜೊತೆಗೆ ತಂದರು. ಕೋಚ್ ಟೆಡ್ ಚೇಂಬರ್ಸ್ ಕಾಲದಲ್ಲಿ, 1961ರಲ್ಲೇ, ಹೋವರ್ಡ್ ಸಣ್ಣ ಕಾಲೇಜುಗಳ ಒಕ್ಕೂಟವಾದ ಎನ್‌ಎಐಎ ಕಪ್ ಗೆದ್ದಿತ್ತು.

1970ರಲ್ಲಿ ಲಿಂಕನ್ ಫಿಲಿಪ್ಸ್ ಕೋಚ್ ಆಗಿ ಬಂದರು. ಟ್ರಿನಿಡಾಡ್‌ನವರು, ಗೋಲ್‌ಕೀಪರ್. ಅಮೆರಿಕದ ವೃತ್ತಿಪರ ಲೀಗ್‌ನಲ್ಲಿ ವಾಷಿಂಗ್ಟನ್ ಡಾರ್ಟ್ಸ್ ತಂಡಕ್ಕೆ ಆಡುತ್ತಲೇ ಕೋಚ್ ಕೂಡ ಆಗಿದ್ದವರು. ಬಂದ ಮೊದಲ ವರ್ಷವೇ ತಂಡ ಎನ್‌ಸಿಎಎ ಸೆಮಿಫೈನಲ್ ತಲುಪಿತು. ಮರುವರ್ಷ ಸೆಮಿಫೈನಲ್‌ನಲ್ಲಿ ಹಾರ್ವರ್ಡನ್ನೇ 1–0ಯಿಂದ ಸೋಲಿಸಿತು. ಮಿಯಾಮಿಯ ಆರೆಂಜ್ ಬೌಲ್‌ನಲ್ಲಿ ನಡೆದ ಫೈನಲ್‌ನಲ್ಲಿ ಎದುರಿಗಿದ್ದದ್ದು ಸೇಂಟ್ ಲೂಯಿಸ್ ವಿಶ್ವವಿದ್ಯಾಲಯ.

ಸೇಂಟ್ ಲೂಯಿಸ್ ಆಗ ಸಾಮಾನ್ಯ ತಂಡ ಅಲ್ಲ. 1959ರಿಂದ 1973ರವರೆಗೆ ಹತ್ತು ಕಪ್ ಗೆದ್ದ ತಂಡ. ಆ ದಾಖಲೆಯನ್ನು ಇವತ್ತಿಗೂ ಯಾರೂ ಮುಟ್ಟಿಲ್ಲ. ಎಂಟು ಗೆದ್ದ ಇಂಡಿಯಾನಾ ಎರಡನೇ ಸ್ಥಾನದಲ್ಲಿದೆ. ಅವರ ಕೋಚ್ ಹ್ಯಾರಿ ಕೀಯೊ, 1950ರ ವಿಶ್ವಕಪ್‌ನಲ್ಲಿ ಇಂಗ್ಲೆಂಡನ್ನು 1–0ಯಿಂದ ಸೋಲಿಸಿ ಎಲ್ಲರನ್ನೂ ದಂಗುಬಡಿಸಿದ ಅಮೆರಿಕ ತಂಡದಲ್ಲಿ ಆಡಿದ್ದವರು. ಆಟಗಾರರು ಹೆಚ್ಚಿನವರು ಅದೇ ಊರಿನವರು. ಚರ್ಚ್ ಶಾಲೆಗಳ ಲೀಗ್‌ನಲ್ಲಿ ಬೆಳೆದು, ಮನೆ ಪಕ್ಕದ ಕಾಲೇಜಿಗೆ ಸೇರಿದ ಹುಡುಗರು. ಒಂದು ಕಡೆ ಒಂದೇ ಊರಿನ ಬಿಳಿಯ ಹುಡುಗರು, ಇನ್ನೊಂದು ಕಡೆ ಟ್ರಿನಿಡಾಡ್, ಜಮೈಕಾ, ಬರ್ಮುಡಾ, ಆಫ್ರಿಕಾದಿಂದ ಬಂದು ಒಂದಾದ ಕಪ್ಪು ಹುಡುಗರು. ಹೋವರ್ಡ್ 3–2ರಿಂದ ಗೆದ್ದಿತು. ಕಪ್ಪು ವರ್ಣೀಯರ ವಿಶ್ವವಿದ್ಯಾಲಯವೊಂದು ಎನ್‌ಸಿಎಎಯ ಉನ್ನತ ದರ್ಜೆಯಲ್ಲಿ ರಾಷ್ಟ್ರೀಯ ಕಪ್ ಗೆದ್ದದ್ದು ಅದೇ ಮೊದಲು, ಯಾವ ಆಟದಲ್ಲೂ.

ಖುಷಿ ಜಾಸ್ತಿ ದಿನ ಉಳಿಯಲಿಲ್ಲ. ಎನ್‌ಸಿಎಎ ತನಿಖೆ ನಡೆಸಿ 1973ರ ಶುರುವಿನಲ್ಲಿ ತೀರ್ಪು ಕೊಟ್ಟಿತು. ಕಪ್ ರದ್ದು. ಒಂದು ವರ್ಷ ಶಿಕ್ಷೆ, 1973ರ ಟೂರ್ನಿಯಲ್ಲಿ ಆಡುವಂತಿಲ್ಲ.

ಹೋವರ್ಡ್‌ನ ಮೇಲೆ ಹಾಕಿದ ರೂಲುಗಳು ಮೂರು. ಮೊದಲನೆಯದು ಐದು ವರ್ಷದ ರೂಲು. ಯಾವುದೇ ಕಾಲೇಜಿಗೆ ಮೊದಲ ಸಲ ಸೇರಿದ ದಿನದಿಂದ ಐದು ವರ್ಷದೊಳಗೆ ಆಡುವ ಅವಕಾಶ ಮುಗಿಯಬೇಕು. ಎರಡನೆಯದು 1.600 ರೂಲು. ವಿದ್ಯಾರ್ಥಿ ಕಾಲೇಜಿನಲ್ಲಿ ನಾಲ್ಕಕ್ಕೆ ಕನಿಷ್ಠ 1.600 ಗ್ರೇಡ್ ಸರಾಸರಿ ಪಡೆಯುತ್ತಾನೆ ಅಂತ ಅಮೆರಿಕದ ಪ್ರವೇಶ ಪರೀಕ್ಷೆ ಅಂಕಗಳಿಂದ ಮೊದಲೇ ಲೆಕ್ಕ ಹಾಕಿ ತೋರಿಸಬೇಕು. ಬ್ರಿಟಿಷ್ ಪದ್ಧತಿಯ ಪರೀಕ್ಷೆ ಬರೆದು ಬಂದ ಹುಡುಗನಿಗೆ ಈ ಲೆಕ್ಕ ಹೊಂದುವುದಿಲ್ಲ ಅಲ್ವಾ? ಅವನ ಹತ್ತಿರ ಜಿಸಿಇ ಸರ್ಟಿಫಿಕೇಟ್ ಇರುತ್ತದೆ, ಇವರಿಗೆ ಬೇಕಾದ ಅಂಕಪಟ್ಟಿ ಇರುವುದಿಲ್ಲ. ತಮಾಷೆ ಅಂದರೆ, ಹೋವರ್ಡ್‌ಗೆ ಶಿಕ್ಷೆಯಾದ ಅದೇ 1973ರಲ್ಲಿ ಎನ್‌ಸಿಎಎ ಸದಸ್ಯರೇ ಓಟು ಹಾಕಿ ಈ 1.600 ರೂಲನ್ನು ತೆಗೆದುಹಾಕಿದರು.

ಮೂರನೆಯದೇ ವಿದೇಶಿ ವಿದ್ಯಾರ್ಥಿ ರೂಲು. ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಪೋರ್ಟ್ ಆಫ್ ಸ್ಪೇನ್‌ನ ಒಬ್ಬ ಹುಡುಗ ಅಂತ ಇಟ್ಟುಕೊಳ್ಳಿ. ಶಾಲೆ ಮುಗಿಸಿದ. ಕಾಲೇಜಿಗೆ ದುಡ್ಡಿಲ್ಲ. ಮೂರು ವರ್ಷ ಯಾವುದೋ ಆಫೀಸಿನಲ್ಲಿ ಗುಮಾಸ್ತನಾಗಿ ಕೆಲಸ ಮಾಡಿದ, ಸಂಜೆ ಹೊತ್ತು ಕ್ಲಬ್ಬಿನಲ್ಲಿ ಫುಟ್‌ಬಾಲ್ ಆಡಿದ. ಇಪ್ಪತ್ತೆರಡಕ್ಕೆ ಸ್ಕಾಲರ್‌ಶಿಪ್ ಸಿಕ್ಕಿ ಹೋವರ್ಡ್‌ಗೆ ಬಂದ. ರೂಲಿನ ಪ್ರಕಾರ ಹತ್ತೊಂಬತ್ತನೇ ಹುಟ್ಟುಹಬ್ಬದ ನಂತರ ಹೊರದೇಶದಲ್ಲಿ ಆಡಿದ ಪ್ರತಿ ಹನ್ನೆರಡು ತಿಂಗಳೂ ಕಾಲೇಜು ತಂಡದಲ್ಲಿ ಆಡಿದ ಒಂದು ವರ್ಷಕ್ಕೆ ಸಮ. ಅವನ ಮೂರು ವರ್ಷ ಹೋಯಿತು. ಈಗ ಸೇಂಟ್ ಲೂಯಿಸ್‌ನ ಇನ್ನೊಬ್ಬ ಹುಡುಗನನ್ನು ತಗೊಳ್ಳಿ. ಅವನೂ ಅದೇ ವಯಸ್ಸು, ಅವನೂ ಮೂರು ವರ್ಷ ಕೆಲಸ ಮಾಡಿ ಸಂಜೆ ಕ್ಲಬ್ಬಿನಲ್ಲಿ ಆಡಿದ. ಅವನಿಗೆ ಒಂದು ದಿನವೂ ಹೋಗುವುದಿಲ್ಲ, ಯಾಕೆಂದರೆ ರೂಲು ಬರೆದದ್ದು ವಿದೇಶಿಯರಿಗೆ ಮಾತ್ರ.

ಹೋವರ್ಡ್ ಕೋರ್ಟಿಗೆ ಹೋಯಿತು. 1973ರಲ್ಲಿ ವಾಷಿಂಗ್ಟನ್‌ನ ಫೆಡರಲ್ ನ್ಯಾಯಾಧೀಶ ಗೆರ್ಹಾರ್ಡ್ ಗೆಸೆಲ್, ಆಮೇಲೆ 1975ರಲ್ಲಿ ಮೇಲ್ಮನವಿ ಕೋರ್ಟು, ಎರಡೂ ಒಂದೇ ಮಾತು ಹೇಳಿದವು. ವಿದೇಶಿ ವಿದ್ಯಾರ್ಥಿ ರೂಲು ಸಂವಿಧಾನಕ್ಕೆ ವಿರುದ್ಧ, ಅದು ಸಮಾನತೆಯನ್ನು ಮುರಿಯುತ್ತದೆ. ಆದರೆ ಉಳಿದೆರಡು ರೂಲು ಸರಿ ಇವೆ, ಆದ್ದರಿಂದ ಶಿಕ್ಷೆಯೂ ಸರಿ. ಹೋವರ್ಡ್ ವಾದದಲ್ಲಿ ಗೆದ್ದಿತು, ಕಪ್ಪಿನಲ್ಲಿ ಸೋತಿತು. ಎನ್‌ಸಿಎಎ ದಾಖಲೆಯಲ್ಲಿ 1971ರ ಚಾಂಪಿಯನ್ ಇವತ್ತಿಗೂ ‘ರದ್ದು’.

ಹೋವರ್ಡ್ ಒಂದಕ್ಕೇ ಹೀಗಾಯಿತು ಅಂತ ಹೇಳಿದರೆ ತಪ್ಪಾಗುತ್ತದೆ. ಯೂನಿವರ್ಸಿಟಿ ಆಫ್ ಸ್ಯಾನ್ ಫ್ರಾನ್ಸಿಸ್ಕೊ ಕೂಡ ಹೊರದೇಶದ ಆಟಗಾರರನ್ನು ನೆಚ್ಚಿಕೊಂಡ ತಂಡ, ಅದರ 1978ರ ಕಪ್ಪನ್ನೂ ಎನ್‌ಸಿಎಎ ರದ್ದು ಮಾಡಿದೆ. ಹೋವರ್ಡ್ ಕಡೆಯಿಂದಲೂ ಕಾಗದಪತ್ರದ ತಪ್ಪು ಇತ್ತು, ಕೋರ್ಟೇ ಅದನ್ನು ಒಪ್ಪಿದೆ. ಆದರೂ ನನಗೆ ಒಪ್ಪಿಗೆಯಾಗದ ಮಾತೊಂದಿದೆ. ಮೂರು ರೂಲುಗಳಲ್ಲಿ ಒಂದು ಸಂವಿಧಾನ ವಿರೋಧಿ, ಇನ್ನೊಂದನ್ನು ಬರೆದವರೇ ಆ ವರ್ಷ ಕೈಬಿಟ್ಟರು. ಉಳಿದ ಒಂದರ ಮೇಲೆ ಇಡೀ ಕಪ್ ಕಿತ್ತುಕೊಳ್ಳುವುದು ಜಾಸ್ತಿಯಾಯಿತು.

ಇದಕ್ಕೆ ತಂಡ ಕೊಟ್ಟ ಉತ್ತರ ಮೈದಾನದಲ್ಲಿತ್ತು. ಶಿಕ್ಷೆ ಮುಗಿದ 1974ರಲ್ಲಿ ಹೋವರ್ಡ್ ಆಡಿದ್ದು ಹತ್ತೊಂಬತ್ತು ಪಂದ್ಯ, ಗೆದ್ದದ್ದು ಹತ್ತೊಂಬತ್ತು. ಒಂದು ಡ್ರಾ ಕೂಡ ಇಲ್ಲ. ಹೊಡೆದ ಗೋಲು 63, ಬಿಟ್ಟುಕೊಟ್ಟದ್ದು ಆರು. ಫೈನಲ್ ಮತ್ತೆ ಸೇಂಟ್ ಲೂಯಿಸ್ ವಿರುದ್ಧವೇ, ಅದೂ ಅವರ ಊರಿನಲ್ಲೇ, ಬುಶ್ ಸ್ಟೇಡಿಯಂನಲ್ಲಿ. ನಿಗದಿತ ಸಮಯ ಮುಗಿದಾಗ 1–1. ಮೊದಲ ಹೆಚ್ಚುವರಿ ಅವಧಿ ಮುಗಿಯಿತು, ಎರಡನೆಯದು, ಮೂರನೆಯದು. ಡಿಸೆಂಬರ್ ಚಳಿ, ಕಾಲಡಿಯಲ್ಲಿ ಗಟ್ಟಿ ಪ್ಲಾಸ್ಟಿಕ್ ಹುಲ್ಲು. ನಾಲ್ಕನೇ ಅವಧಿಯಲ್ಲಿ ನೈಜೀರಿಯಾದ ಕೆನೆತ್ ಇಲೊಡಿಗ್ವೆ ಗೋಲು ಹೊಡೆದರು. 2–1. ಈ ಕಪ್ಪನ್ನು ಯಾರೂ ಮುಟ್ಟಲಾಗಲಿಲ್ಲ. ಸೇಂಟ್ ಲೂಯಿಸ್ ಆ ದಿನದ ನಂತರ ಮತ್ತೆ ಕಪ್ ಗೆದ್ದಿಲ್ಲ.

ಮುಂದಿನ ಹಲವು ವರ್ಷಗಳ ಬಗ್ಗೆ ಜಾಸ್ತಿ ಹೇಳುವಂಥದ್ದಿಲ್ಲ. ಫಿಲಿಪ್ಸ್ 1980ರವರೆಗೆ ಇದ್ದರು. ಅವರ ಹಳೇ ಆಟಗಾರ ಕೀತ್ ಟಕರ್ ಆಮೇಲೆ ಕೋಚ್ ಆದರು. 1988ರಲ್ಲಿ ಹೋವರ್ಡ್ ಮತ್ತೆ ಫೈನಲ್‌ಗೆ ಬಂತು, ಇಂಡಿಯಾನಾದ ಸ್ವಂತ ಮೈದಾನದಲ್ಲಿ 0–1ರಿಂದ ಸೋತಿತು. ಆ ಕಾಲದಲ್ಲಿ ಅಲ್ಲಿ ಓದುತ್ತಿದ್ದ ಗೋಲ್‌ಕೀಪರ್ ಶಾಕಾ ಹಿಸ್ಲಪ್ ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿ ಇಂಗ್ಲೆಂಡಿಗೆ ಹೋಗಿ ನ್ಯೂಕ್ಯಾಸಲ್, ವೆಸ್ಟ್ ಹ್ಯಾಮ್ ತಂಡಗಳಿಗೆ ಆಡಿದರು. 2006ರ ವಿಶ್ವಕಪ್‌ನಲ್ಲಿ ಟ್ರಿನಿಡಾಡ್ ತಂಡ ಸ್ವೀಡನ್ ವಿರುದ್ಧ 0–0 ಮಾಡಿಕೊಂಡಿತಲ್ಲ, ಆ ದಿನ ವಾರ್ಮ್‌ಅಪ್‌ನಲ್ಲಿ ಮೊದಲ ಗೋಲ್‌ಕೀಪರ್‌ಗೆ ಪೆಟ್ಟಾಗಿ ಕೊನೇ ಗಳಿಗೆಯಲ್ಲಿ ಗೋಲಿಗೆ ನಿಂತವರು ಇದೇ ಹಿಸ್ಲಪ್. ಎಂಜಿನಿಯರಿಂಗೂ ಓದು, ಗೋಲೂ ಕಾಯಿ ಅನ್ನುವ ಹೋವರ್ಡ್ ದಾರಿಗೆ ಇದಕ್ಕಿಂತ ಒಳ್ಳೆ ಉದಾಹರಣೆ ಬೇಕಿಲ್ಲ.

1988ರ ಅದೇ ಡಿಸೆಂಬರ್‌ನಲ್ಲಿ ಇನ್ನೊಂದು ಸಂಗತಿ ನಡೆಯಿತು. ಆಟದ ಪುಟದಲ್ಲಿ ಅದು ಅಷ್ಟಾಗಿ ಕಾಣಲಿಲ್ಲ. ಬಾಸ್ಕೆಟ್‌ಬಾಲ್ ಕೋಚ್ ಜೆರ್ರಿ ಟಾರ್ಕೇನಿಯನ್ ಮತ್ತು ಎನ್‌ಸಿಎಎ ನಡುವಿನ ಕೇಸಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು: ಎನ್‌ಸಿಎಎ ಖಾಸಗಿ ಸಂಘ, ಸರ್ಕಾರದ ಅಂಗ ಅಲ್ಲ. ಕೇಳಲು ಸಣ್ಣ ವಿಷಯ. ಪರಿಣಾಮ ದೊಡ್ಡದು. ಸಂವಿಧಾನದ ಸಮಾನತೆ ಕಟ್ಟಿಹಾಕುವುದು ಸರ್ಕಾರವನ್ನು, ಖಾಸಗಿ ಸಂಘವನ್ನಲ್ಲ. ಅಂದರೆ ಹೋವರ್ಡ್ ಯಾವ ಬಾಗಿಲಿನಿಂದ ಒಳಗೆ ಹೋಗಿ ವಾದ ಗೆದ್ದಿತ್ತೋ ಆ ಬಾಗಿಲು ಮುಚ್ಚಿತು.

ಆಮೇಲೆ ಆಟಗಾರರು ಬೇರೆ ಬಾಗಿಲು ಹುಡುಕಿದರು. ಅದು ಏಕಸ್ವಾಮ್ಯ ತಡೆ ಕಾನೂನು, ಅಂದರೆ ವ್ಯಾಪಾರಸ್ಥರು ಒಟ್ಟುಸೇರಿ ಬೆಲೆ ಕಟ್ಟಬಾರದು ಅನ್ನುವ ಕಾನೂನು. ಎಲ್ಲ ಕಾಲೇಜುಗಳೂ ಸೇರಿ ಆಟಗಾರನ ಬೆಲೆಯನ್ನು ಸೊನ್ನೆಗೆ ಕಟ್ಟಿವೆ ಅನ್ನೋದು ವಾದ. 2021ರಲ್ಲಿ ಆಲ್‌ಸ್ಟನ್ ಕೇಸಿನಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ಎನ್‌ಸಿಎಎ ವಿರುದ್ಧ ನಿಂತರು. ಅದೇ ಜುಲೈ 1ರಿಂದ ಆಟಗಾರರು ತಮ್ಮ ಹೆಸರು, ಚಿತ್ರ ಬಳಸಿ ಜಾಹೀರಾತಿನಿಂದ ದುಡಿಯಬಹುದು ಅಂತಾಯಿತು. 2025ರ ಜೂನ್ 6ರಂದು ಆಟಗಾರರು ಎನ್‌ಸಿಎಎ ಮೇಲೆ ಹಾಕಿದ್ದ ‘ಹೌಸ್’ ಕೇಸಿನ ರಾಜಿ ಒಪ್ಪಂದಕ್ಕೆ ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕನ್ ಸಹಿ ಹಾಕಿದರು. ಹಳೇ ಆಟಗಾರರಿಗೆ ಸುಮಾರು 2.8 ಬಿಲಿಯನ್ ಡಾಲರ್ ಬಾಕಿ. ಮುಂದೆ ಪ್ರತಿ ಕಾಲೇಜೂ ಬೇಕಾದರೆ ನೇರವಾಗಿ ಆಟಗಾರರಿಗೆ ಹಣ ಹಂಚಬಹುದು, 2025–26ರ ಮಿತಿ 20.5 ಮಿಲಿಯನ್ ಡಾಲರ್.

ಈ ದುಡ್ಡಿನಲ್ಲಿ ಸಿಂಹಪಾಲು ಹೋಗುವುದು ಅಮೆರಿಕನ್ ಫುಟ್‌ಬಾಲ್‌ಗೆ, ಬಾಸ್ಕೆಟ್‌ಬಾಲ್‌ಗೆ. ನಮ್ಮ ಫುಟ್‌ಬಾಲ್‌ಗೆ, ಅದರಲ್ಲೂ ಪುರುಷರ ತಂಡಕ್ಕೆ, ಚೂರುಪಾರು. ಪುರುಷರ ಫುಟ್‌ಬಾಲ್ ಅಲ್ಲಿ ಮೊದಲಿನಿಂದಲೂ ಬಡ ಮಗು. ಉನ್ನತ ದರ್ಜೆಯಲ್ಲಿ ಮಹಿಳಾ ತಂಡಗಳು ಸುಮಾರು 350, ಪುರುಷರವು 200ಕ್ಕಿಂತ ಸ್ವಲ್ಪ ಜಾಸ್ತಿ. ಒಂದು ಇಡೀ ಪುರುಷರ ತಂಡಕ್ಕೆ ಇದ್ದದ್ದು 9.9 ಸ್ಕಾಲರ್‌ಶಿಪ್. ಕೋಚ್ ಅದನ್ನು ಕಾಲು, ಅರ್ಧ ಅಂತ ಕತ್ತರಿಸಿ ಇಪ್ಪತ್ತು ಮೂವತ್ತು ಹುಡುಗರಿಗೆ ಹಂಚಬೇಕಿತ್ತು. ಹೊಸ ಒಪ್ಪಂದಕ್ಕೆ ಸೇರಿದ ಕಾಲೇಜುಗಳಿಗೆ ಈ 9.9ರ ಕಟ್ಟು ಇಲ್ಲ. ಬದಲಿಗೆ ತಂಡದಲ್ಲಿ 28ಕ್ಕಿಂತ ಜಾಸ್ತಿ ಆಟಗಾರರು ಇರುವಂತಿಲ್ಲ.

ಈ ಇಪ್ಪತ್ತೆಂಟು ಜಾಗಕ್ಕೆ ಈಗ ಪೈಪೋಟಿ. ಅಮೆರಿಕದ ಒಳ್ಳೊಳ್ಳೆ ಹುಡುಗರನ್ನು ಹದಿನಾರು ಹದಿನೇಳಕ್ಕೇ ವೃತ್ತಿಪರ ಕ್ಲಬ್ಬುಗಳ ಅಕಾಡೆಮಿಗಳು ಹಿಡಿದಿಟ್ಟುಕೊಳ್ಳುತ್ತವೆ. ಕಾಲೇಜಿಗೆ ಬಂದರೂ ನಿಲ್ಲುವುದಿಲ್ಲ. ಏಡನ್ ಮಾರಿಸ್ ಇಂಡಿಯಾನಾದಲ್ಲಿ ಆಡಿದ್ದು 2019ರ ಒಂದೇ ಸೀಸನ್, ಅಲ್ಲಿಂದ ಕೊಲಂಬಸ್ ಕ್ರೂ, ಆಮೇಲೆ ಇಂಗ್ಲೆಂಡಿನ ಮಿಡಲ್ಸ್‌ಬರೊ. ಖಾಲಿಯಾದ ಜಾಗಕ್ಕೆ ಕೋಚ್‌ಗಳು ಯೂರೋಪಿನ ಅಕಾಡೆಮಿಗಳಲ್ಲಿ ಕೈತಪ್ಪಿದ ಇಪ್ಪತ್ತು, ಇಪ್ಪತ್ತೊಂದರ ಹುಡುಗರನ್ನು ಕರೆಸುತ್ತಾರೆ. 2020ರ ಸೀಸನ್‌ನ ಕಪ್ ಗೆದ್ದ ಮಾರ್ಷಲ್ ತಂಡಕ್ಕೆ ಇಂಡಿಯಾನಾ ವಿರುದ್ಧ ಫೈನಲ್ ಗೋಲು ಹೊಡೆದದ್ದು ಇಂಗ್ಲೆಂಡಿನ ಜಮಿಲ್ ರಾಬರ್ಟ್ಸ್. 2024ರಲ್ಲಿ ಅದೇ ಮಾರ್ಷಲ್ ವಿರುದ್ಧ ಹೆಚ್ಚುವರಿ ಅವಧಿಯಲ್ಲಿ ಗೋಲು ಹೊಡೆದು ಪುಟ್ಟ ವರ್ಮಾಂಟ್‌ಗೆ ಮೊದಲ ಕಪ್ ತಂದವನು ಜರ್ಮನಿಯ ಮ್ಯಾಕ್ಸಿಮಿಲಿಯನ್ ಕಿಸೆಲ್. ‘ನಮ್ಮ ಮಕ್ಕಳ ಜಾಗ ಹೋಯಿತು’ ಅಂತ ಅಮೆರಿಕದ ಅಪ್ಪ ಅಮ್ಮಂದಿರು ಗೊಣಗುತ್ತಾರೆ. ಆ ಗೊಣಗಾಟದಲ್ಲಿ ಅರ್ಥ ಇಲ್ಲ ಅಂತ ಅಲ್ಲ. ಹದಿನೆಂಟರ ಹುಡುಗನ ಎದುರು ಇಪ್ಪತ್ಮೂರರವನನ್ನು ನಿಲ್ಲಿಸಿದರೆ ಯಾರು ಬೆಂಚ್ ಮೇಲೆ ಕೂರಬೇಕು ಅನ್ನೋದು ಗೊತ್ತೇ ಇದೆ. ಆದರೆ ಗಮನಿಸಿ, ಜರ್ಮನಿ, ಇಂಗ್ಲೆಂಡ್‌ನ ಹುಡುಗರು ಗೆದ್ದಾಗ ಆ ಕಪ್ಪನ್ನು ಯಾರೂ ಕಿತ್ತುಕೊಂಡಿಲ್ಲ. ರೂಲು ಬದಲಾಗಿದೆ ನಿಜ. ಹೊರದೇಶದಿಂದ ಬರುವವರು ಯಾರು ಅನ್ನೋದೂ ಬದಲಾಗಿದೆ.

ಇನ್ನು ವೀಸಾ. ಹೊರದೇಶದ ಆಟಗಾರರೂ ನಮ್ಮ ಕರ್ನಾಟಕದಿಂದ ಎಂ.ಎಸ್. ಮಾಡಲು ಹೋಗುವ ಮಕ್ಕಳೂ ಹೋಗುವುದು ಒಂದೇ ಎಫ್-1 ವೀಸಾದ ಮೇಲೆ. ಅದರ ಕಟ್ಟುಪಾಡು ಎಷ್ಟೋ ಕನ್ನಡ ಮನೆಗಳಿಗೆ ಬಾಯಿಪಾಠ: ತರಗತಿ ನಡೆಯುವಾಗ ಕ್ಯಾಂಪಸ್ ಒಳಗೆ ವಾರಕ್ಕೆ ಇಪ್ಪತ್ತು ಗಂಟೆ ಕೆಲಸ, ಹೊರಗೆ ಸುಮ್ನೆ ಹೋಗಿ ದುಡಿಯುವಂತಿಲ್ಲ. ಲೈಬ್ರರಿ ಕೌಂಟರಿನಲ್ಲಿ ಕೂರುವ ಹುಡುಗಿಗೆ ಇದು ಹೇಗೋ ಹೊಂದುತ್ತದೆ. ಸ್ಟ್ರೈಕರ್‌ಗೆ? ಅವನ ಪಕ್ಕದ ಲಾಕರಿನ ಅಮೆರಿಕದ ಹುಡುಗ ಊರಿನ ಕಾರ್ ಶೋರೂಮಿನ ಜಾಹೀರಾತಿಗೆ ನಿಂತು ದುಡ್ಡು ಎಣಿಸಬಹುದು. ಇವನು ನಿಂತರೆ ವೀಸಾಕ್ಕೇ ಕುತ್ತು. ಕಾಲೇಜು ನೇರವಾಗಿ ಕೊಡುವ ಪಾಲನ್ನು ತಗೊಂಡರೆ ಅದು ‘ಕೆಲಸ’ವೋ ಅಲ್ಲವೋ ಅಂತ ಸ್ಪಷ್ಟವಾಗಿ ಬರೆದಿಟ್ಟ ರೂಲಿಲ್ಲ, ಹಾಗಾಗಿ ವಕೀಲರು ಎಚ್ಚರ ಎಚ್ಚರ ಅನ್ನುತ್ತಾರೆ. ಆಡುವಾಗ ಸಮಾನ, ಹಂಚುವಾಗ ಅಲ್ಲ.

ಅದಕ್ಕೂ ಮೊದಲು ವೀಸಾ ಸಿಗಬೇಕಲ್ಲ. 2025ರ ಮೇ ಕೊನೆಯಲ್ಲಿ ಅಮೆರಿಕ ಹೊಸ ವಿದ್ಯಾರ್ಥಿ ವೀಸಾ ಸಂದರ್ಶನಗಳ ಬುಕಿಂಗ್ ನಿಲ್ಲಿಸಿ, ಜೂನ್‌ನಲ್ಲಿ ಸೋಷಿಯಲ್ ಮೀಡಿಯಾ ತಪಾಸಣೆಯ ಷರತ್ತಿನೊಂದಿಗೆ ಮತ್ತೆ ಶುರು ಮಾಡಿತು. ಆ ವಾರಗಳಲ್ಲಿ ಚೆನ್ನೈ ಸ್ಲಾಟಿಗಾಗಿ ರಾತ್ರಿಯೆಲ್ಲ ಮೊಬೈಲ್ ನೋಡಿದ ಮನೆಗಳು ಬೆಂಗಳೂರಿನಲ್ಲಿ ಕಮ್ಮಿ ಇಲ್ಲ. ಕಾಲೇಜು ಫುಟ್‌ಬಾಲ್ ಸೀಸನ್ ಶುರುವಾಗುವುದು ಆಗಸ್ಟ್‌ನಲ್ಲಿ, ಮುಗಿಯುವುದು ಡಿಸೆಂಬರ್‌ನಲ್ಲಿ. ಎಂ.ಎಸ್. ವಿದ್ಯಾರ್ಥಿ ಒಂದು ತಿಂಗಳು ತಡವಾದರೆ ಮುಂದಿನ ಸೆಮಿಸ್ಟರ್‌ಗೆ ಸೇರಬಹುದು. ಆಟಗಾರನಿಗೆ ಒಂದು ತಿಂಗಳು ಅಂದರೆ ಸೀಸನ್‌ನ ಕಾಲುಭಾಗ. ಇಡೀ ವರ್ಷಕ್ಕೆ ಪಂದ್ಯಗಳನ್ನು ಹರಡಿ ಅಂತ ಮೇರಿಲ್ಯಾಂಡ್ ಕೋಚ್ ಸಾಶೊ ಚಿರೊವ್‌ಸ್ಕಿ ಎಷ್ಟೋ ವರ್ಷದಿಂದ ಹೇಳುತ್ತಾ ಬಂದಿದ್ದಾರೆ. ಅವರ ಕಾರಣ ಬೇರೆ, ಓದು ಮತ್ತು ಗಾಯ. ಆದರೆ ಅದು ಜಾರಿಗೆ ಬಂದರೆ ವೀಸಾಕ್ಕೆ ಕಾಯುವವನಿಗೂ ಉಸಿರಾಡಲು ಜಾಗ ಸಿಗುತ್ತದೆ.

2025ರ ಡಿಸೆಂಬರ್‌ನಲ್ಲೇ, ನಾಜಿ ಬೇಲರ್‌ಗೆ ಸೇರುವ ಕೆಲವೇ ದಿನ ಮುಂಚೆ, ಟ್ರಂಪ್ ಸರ್ಕಾರ ಪ್ರವೇಶ ನಿರ್ಬಂಧದ ಪಟ್ಟಿಯನ್ನು ಉದ್ದ ಮಾಡಿತು. 2026ರ ಜನವರಿ 1ರಿಂದ ನೈಜೀರಿಯಾದವರಿಗೆ ಹೊಸ ವಿದ್ಯಾರ್ಥಿ ವೀಸಾಕ್ಕೂ ತಡೆ. ವಿಶ್ವಕಪ್, ಒಲಿಂಪಿಕ್ಸ್‌ನಂಥ ದೊಡ್ಡ ಕೂಟಕ್ಕೆ ಬರುವ ಆಟಗಾರರಿಗೆ ವಿನಾಯಿತಿ ಇದೆ. ಓದಲು ಬಂದು ಕಾಲೇಜಿಗೆ ಆಡುವವನಿಗೆ ಆ ಮಾತು ಬರೆದಿಲ್ಲ. 1974ರಲ್ಲಿ ಗೆಲುವಿನ ಗೋಲು ಹೊಡೆದ ಇಲೊಡಿಗ್ವೆಯಂಥ ಹುಡುಗ ಇವತ್ತು ಲಾಗೋಸ್‌ನಿಂದ ಹೊರಟರೆ ಎನ್‌ಸಿಎಎ ಅವನಿಗೆ ಅಡ್ಡ ಬರುವುದಿಲ್ಲ. ವಿಮಾನವೇ ಸಿಗುವುದಿಲ್ಲ.

ಕಪ್ಪನ್ನು ವಾಪಸ್ ಕೊಡುವುದು ಆಗದ ಕೆಲಸ ಏನಲ್ಲ. ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ತಂಡದಿಂದ ಕಿತ್ತುಕೊಂಡಿದ್ದ 112 ಗೆಲುವುಗಳನ್ನು ಇದೇ ಎನ್‌ಸಿಎಎ 2015ರಲ್ಲಿ ದಾಖಲೆಗೆ ಮರಳಿಸಿದೆ. ಅಲ್ಲಿ ಕೋರ್ಟಿನ ಒತ್ತಡ, ರಾಜ್ಯದ ರಾಜಕಾರಣಿಗಳ ಒತ್ತಡ ಇತ್ತು. ಹೋವರ್ಡ್ ಪರವಾಗಿ ಅಂಥ ಬಲ ಯಾವತ್ತೂ ನಿಂತಿಲ್ಲ.

ಸದ್ಯಕ್ಕೆ ಕಣ್ಣಿಡಬೇಕಾದದ್ದು ಬೇರೆ ಕಡೆ. ಹೈಸ್ಕೂಲು ಮುಗಿಸಿದ ದಿನದಿಂದ ಅಥವಾ ಇಂತಿಷ್ಟು ವಯಸ್ಸಿನಿಂದ ಐದೇ ವರ್ಷ ಆಡಬಹುದು ಅನ್ನುವಂಥ ಹೊಸ ರೂಲಿನ ಚರ್ಚೆ ಈಗ ನಡೆದಿದೆ. ನಾಜಿಯಂಥ ಪ್ರಕರಣಗಳಿಗೆ ಇದೇ ಮದ್ದು ಅಂತ ಕೆಲವರ ವಾದ. ಕಾಗದದ ಮೇಲೆ ಇದು ಅಮೆರಿಕದವನಿಗೂ ಹೊರಗಿನವನಿಗೂ ಒಂದೇ, ಹಾಗಾಗಿ 1973ರ ಕೋರ್ಟ್ ತೀರ್ಪಿನ ಏಟು ಇದಕ್ಕೆ ಬೀಳುವುದಿಲ್ಲ. ಬಾರ್ಸಿಲೋನಾದಲ್ಲಿ ಸಂಬಳಕ್ಕೆ ಆಡಿದವನಿಗೂ, ಕಾಲೇಜಿಗೆ ದುಡ್ಡು ಹೊಂದಿಸಲು ಮೂರು ವರ್ಷ ಗುಮಾಸ್ತಗಿರಿ ಮಾಡಿದವನಿಗೂ ಇದು ಒಂದೇ ಗಡಿಯಾರ ಕಟ್ಟುತ್ತದೆ. ಸಂಬಳಕ್ಕೆ ಆಡಿದ ವರ್ಷಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ, ಹೊಟ್ಟೆಪಾಡಿಗೆ ದುಡಿದ ವರ್ಷಗಳನ್ನು ಬಿಡಿ ಅಂತ ರೂಲಿನಲ್ಲಿ ಬರೆಯುವುದು ಕಷ್ಟವೇನಲ್ಲ. ಕರಡು ಹೊರಬಂದಾಗ ಮೊದಲು ಹುಡುಕಬೇಕಾದ ಸಾಲು ಅದೇ.